ಮಕ್ಕಳಿಗೆ ಸನ್‌ಸ್ಕ್ರೀನ್: ಯಾವುದು ಬೇಕು, ಎಷ್ಟು ಬೇಕು, ಯಾವಾಗ ಬೇಡ

ಸನ್‌ಸ್ಕ್ರೀನ್ ಕೊಳ್ಳಲು ಹೋದವರಿಗೆ ತಲೆ ಕೆಡುವುದು ಸಹಜ. ಒಂದು ಟ್ಯೂಬ್ ಮೇಲೆ ‘ಬೇಬಿ’ ಅಂತ ಬರೆದಿರುತ್ತದೆ. ಇನ್ನೊಂದರ ಮೇಲೆ ‘ಮಿನರಲ್’. ಮತ್ತೊಂದರ ಮೇಲೆ ದಪ್ಪ ಅಕ್ಷರದಲ್ಲಿ ಎಸ್‌ಪಿಎಫ್ 100. ಪಕ್ಕದಲ್ಲೇ ಸ್ಪ್ರೇ, ಸ್ಟಿಕ್. ಅಷ್ಟರಲ್ಲಿ ಯಾರೋ ‘ಅದರಲ್ಲಿರುವ ಕೆಮಿಕಲ್ ರಕ್ತಕ್ಕೆ ಸೇರುತ್ತದಂತೆ’ ಎಂದು ಹೆದರಿಸಿರುತ್ತಾರೆ. ಇನ್ಯಾರೋ ‘ಹಚ್ಚಿದರೆ ವಿಟಮಿನ್ ಡಿ ಸಿಗಲ್ಲ’ ಎಂದಿರುತ್ತಾರೆ. ಇಷ್ಟೆಲ್ಲದರ ನಡುವೆ ನನ್ನ ಮಗುವಿಗೆ ಯಾವುದು ಅಂತ ತಂದೆ ತಾಯಂದಿರು ಕೇಳುತ್ತಾರೆ.

ಉತ್ತರ ಹುಡುಕುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನಾನು ಯೋಚಿಸುವ ರೀತಿಯನ್ನೇ ಬದಲಿಸಿದ ಲೆಕ್ಕ ಇದು.

ಎಸ್‌ಪಿಎಫ್ ಅಂದರೆ ಚರ್ಮ ಸುಡುವುದನ್ನು ಕ್ರೀಮ್ ಎಷ್ಟು ತಡೆಯುತ್ತದೆ ಎಂದು ಹೇಳುವ ಸಂಖ್ಯೆ. ಅದನ್ನು ಅಳೆಯುವಾಗ ಪ್ರಯೋಗಾಲಯದಲ್ಲಿ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮ್ ಹಚ್ಚುತ್ತಾರೆ. 5 ವರ್ಷದ ಮಗುವಿನ ಇಡೀ ಮೈಯ ಚರ್ಮ ಸುಮಾರು ಮುಕ್ಕಾಲು ಚದರ ಮೀಟರ್ ಇರುತ್ತದೆ. ಅಂದರೆ ಮೈಗೆಲ್ಲ ಒಂದು ಸಲ ಸರಿಯಾಗಿ ಹಚ್ಚಲು ಹತ್ತಿರ ಹತ್ತಿರ 15 ಗ್ರಾಂ ಬೇಕು. 50 ಗ್ರಾಂ ಟ್ಯೂಬ್ ಮೂರು ಸಲಕ್ಕೆ ಖಾಲಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಲ್ಲವಾ? ಹಾಗಾದರೆ ಟ್ಯೂಬ್ ಒಂದು ದಿನಕ್ಕೂ ಸಾಲುವುದಿಲ್ಲ.

ಅದೇ ಮಗುವಿಗೆ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್, ಅಗಲ ಅಂಚಿನ ಟೋಪಿ ಹಾಕಿ ನೋಡಿ. ಹೊರಗೆ ಉಳಿಯುವುದು ಮುಖ, ಕಿವಿ, ಕುತ್ತಿಗೆ, ಅಂಗೈ ಹಿಂಭಾಗ, ಪಾದದ ಮೇಲ್ಭಾಗ. ಇಷ್ಟಕ್ಕೆ 2ರಿಂದ 3 ಗ್ರಾಂ ಸಾಕು. ಅದೇ ಟ್ಯೂಬ್ ಈಗ ಇಪ್ಪತ್ತು ಸಲ ಬರುತ್ತದೆ.

ಹೆಚ್ಚಿನವರು ಹಚ್ಚುವುದು ಹಚ್ಚಬೇಕಾದದ್ದರ ಕಾಲು ಭಾಗದಿಂದ ಅರ್ಧ ಭಾಗ ಮಾತ್ರ. ಟ್ಯೂಬ್ ದುಬಾರಿ ಇದ್ದಷ್ಟೂ ಕೈ ಇನ್ನೂ ಬಿಗಿಯಾಗುತ್ತದೆ. ತೆಳುವಾಗಿ ಸವರಿದ ಎಸ್‌ಪಿಎಫ್ 50, ಲೇಬಲ್ ಹೇಳುವ ರಕ್ಷಣೆಯನ್ನು ಕೊಡುವುದೇ ಇಲ್ಲ. ಆದ್ದರಿಂದ ಯಾವ ಕ್ರೀಮ್ ಎಂದು ಕೇಳುವ ಮೊದಲು, ಕ್ರೀಮ್ ಹಚ್ಚಬೇಕಾದ ಜಾಗವನ್ನು ಎಷ್ಟು ಕಡಿಮೆ ಮಾಡಬಹುದು ಎಂದು ನೋಡಿ. ಜಾಗ ಕಡಿಮೆಯಾದರೆ ಒಳ್ಳೆಯ ಕ್ರೀಮನ್ನೂ ಧಾರಾಳವಾಗಿ ಹಚ್ಚಬಹುದು.

ಯಾವುದನ್ನು ನೋಡಿ ಆರಿಸಬೇಕು?

ಮೊದಲು ವಯಸ್ಸು. 6 ತಿಂಗಳು ತುಂಬದ ಕೂಸಿನ ಚರ್ಮ ತೆಳು. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಜಾಸ್ತಿ. ಹಚ್ಚಿದ್ದು ಒಳಗೆ ಹೀರಿಕೊಳ್ಳುವ ಸಾಧ್ಯತೆಯೂ ಅಷ್ಟೇ ಜಾಸ್ತಿ. ಅದಕ್ಕೇ ಈ ವಯಸ್ಸಿನವರನ್ನು ನೇರ ಬಿಸಿಲಿನಿಂದ ದೂರ ಇಡಿ ಎನ್ನುವುದು ಮಕ್ಕಳ ವೈದ್ಯರ ಮೊದಲ ಸಲಹೆ. ನೆರಳೂ ಬಟ್ಟೆಯೂ ಸಾಲದಾದಾಗ ಮುಖ, ಅಂಗೈ ಹಿಂಭಾಗದಂಥ ಸಣ್ಣ ಜಾಗಕ್ಕೆ ಸ್ವಲ್ಪ ಹಚ್ಚಬಹುದು ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುತ್ತದೆ. ಹಾಗೆ ಹಚ್ಚುವ ಮೊದಲು ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ. ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಮೇಲೆ ಬಟ್ಟೆ ಮುಚ್ಚುವವರು ಗಮನಿಸಿ. ಒಳಗೆ ಗಾಳಿ ಆಡದೆ ಶೆಖೆ ಬೇಗ ಏರುತ್ತದೆ. ಗಾಡಿಯ ಕೊಡೆಯನ್ನು ಬಿಸಿಲಿನ ದಿಕ್ಕಿಗೆ ತಿರುಗಿಸುವುದು ಇದಕ್ಕಿಂತ ವಾಸಿ.

ಎರಡನೆಯದು ಬಿಸಿಲಿನ ಜೋರು. ಇಲ್ಲಿ ಎಲ್ಲರೂ ಎಡವುತ್ತೇವೆ. ಮೈಗೆ ಬಿಸಿ ತಾಗುವುದು ಬೇರೆ, ಚರ್ಮ ಸುಡುವ ಯುವಿ ಕಿರಣ ಬೇರೆ. ತಣ್ಣನೆ ಗಾಳಿ ಬೀಸುತ್ತಿದ್ದರೂ ಯುವಿ ಜೋರಾಗಿರಬಹುದು. ತೆಳು ಮೋಡದ ಮೂಲಕ ಅದರ ಬಹುಪಾಲು ಇಳಿದು ಬರುತ್ತದೆ. ಎತ್ತರಕ್ಕೆ ಹೋದ ಹಾಗೆ ಪ್ರತಿ 1000 ಮೀಟರಿಗೆ ಸುಮಾರು 10 ಶೇಕಡಾ ಏರುತ್ತದೆ. ಹೊಸ ಹಿಮ ಬಿದ್ದ ನೆಲ 80 ಶೇಕಡಾದವರೆಗೆ ಪ್ರತಿಫಲಿಸುತ್ತದೆ, ಒಣ ಮರಳು ಸುಮಾರು 15 ಶೇಕಡಾ.

ಇದನ್ನು ಅಳೆಯಲು ಯುವಿ ಇಂಡೆಕ್ಸ್ ಇದೆ. 1992ರಲ್ಲಿ ಕೆನಡಾದಲ್ಲಿ ಶುರುವಾದ ಈ ಅಳತೆ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಫೋನಿನ ಹವಾಮಾನ ಆ್ಯಪ್‌ನಲ್ಲೇ ಸಿಗುತ್ತದೆ. 2ರವರೆಗೆ ಇದ್ದರೆ ಸುಮ್ನೆ ಆಡಲು ಬಿಡಿ. 3 ಮುಟ್ಟಿದರೆ ರಕ್ಷಣೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 8 ಮುಟ್ಟಿದರೆ ನಡು ಮಧ್ಯಾಹ್ನ ಹೊರಗೆ ಬಿಡದಿರುವುದು ಒಳ್ಳೆಯದು. ಫೋನ್ ಇಲ್ಲವಾ? ಮಗುವನ್ನು ನಿಲ್ಲಿಸಿ ಅದರ ನೆರಳು ನೋಡಿ. ನೆರಳು ಮಗುವಿಗಿಂತ ಉದ್ದ ಇದ್ದರೆ ಯುವಿ ಅಷ್ಟು ಜೋರಿಲ್ಲ. ಗಿಡ್ಡ ಇದ್ದರೆ ಜೋರು. ಇದನ್ನು ಮಕ್ಕಳಿಗೇ ಕಲಿಸಿಬಿಡಿ, ಅವರಿಗೆ ಇದೊಂದು ಆಟ.

ಮೂರನೆಯದು ಚರ್ಮದ ಸ್ವಭಾವ. ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ), ಅಲರ್ಜಿ ಇರುವ ಮಗುವಿಗೆ ಆಯ್ಕೆ ಕಿರಿದಾಗುತ್ತದೆ. ಬಣ್ಣದ ವಿಷಯಕ್ಕೆ ಬಂದರೆ, ಕಂದು ಮತ್ತು ಕಪ್ಪು ಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣದ ವಸ್ತು ಒಂದು ಮಟ್ಟಿಗೆ ತಾನೇ ಕೊಡೆ ಹಿಡಿಯುತ್ತದೆ. ಅಂಥ ಚರ್ಮ ಸುಡುವುದು ನಿಧಾನ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಅಪಾಯವೂ ತಿಳಿ ಚರ್ಮದವರಿಗಿಂತ ತುಂಬಾ ಕಡಿಮೆ. ಆದರೆ ಸುಡುವುದೇ ಇಲ್ಲ ಅಂತಲ್ಲ. ಕಣ್ಣಿಗಂತೂ ಚರ್ಮದ ಬಣ್ಣ ಕಾವಲು ಕಾಯುವುದಿಲ್ಲ. ಇಲ್ಲಿ ಮನಸ್ಸಿನಿಂದ ಒಂದು ಮಾತು. ಮಗು ಕಪ್ಪಾಗುತ್ತದೆ ಅನ್ನುವ ಭಯಕ್ಕೆ ಸನ್‌ಸ್ಕ್ರೀನ್ ಹಚ್ಚಬೇಡಿ. ಮಗುವಿನ ಎದುರು ಹಾಗೆ ಹೇಳಲೂ ಬೇಡಿ. ಚರ್ಮ ಸುಡಬಾರದು ಅನ್ನುವ ಕಾರಣ ಒಂದೇ ಸಾಕು.

ಕೊನೆಗೆ ಎರಡು ಪ್ರಶ್ನೆ: ಮಗು ಹಚ್ಚಿಸಿಕೊಳ್ಳುತ್ತದಾ? ಮತ್ತೆ ಮತ್ತೆ ಕೊಳ್ಳಲು ನಿಮ್ಮಿಂದ ಆಗುತ್ತದಾ? ಬೆಲೆ ನೋಡುವಾಗ ಟ್ಯೂಬಿನ ಬೆಲೆ ಬೇಡ, ಗ್ರಾಂ ಲೆಕ್ಕ ಹಾಕಿ.

ನೆರಳು, ಬಟ್ಟೆ, ಕ್ರೀಮ್

ನೆರಳಿಗೆ ಕಾಸಿಲ್ಲ. ಆದರೆ ನೆರಳಿನಲ್ಲೂ ಯುವಿ ಪೂರ್ತಿ ನಿಲ್ಲುವುದಿಲ್ಲ. ಆಕಾಶದಿಂದ ಚದುರಿದ ಕಿರಣ ಪಕ್ಕದಿಂದ ಬರುತ್ತದೆ, ನೆಲದಿಂದ ಪುಟಿದದ್ದು ಕೆಳಗಿನಿಂದ ಬರುತ್ತದೆ. ದಟ್ಟ ಮರದ ನೆರಳು ಚೆನ್ನಾಗಿ ಕಾಯುತ್ತದೆ. ಬಯಲಿನಲ್ಲಿ ನೆಟ್ಟ ಒಂಟಿ ಕೊಡೆ ಅಷ್ಟು ಕಾಯುವುದಿಲ್ಲ. ನೆರಳಿಗಿಂತಲೂ ಒಳ್ಳೆಯದು ಹೊತ್ತು ಆರಿಸಿಕೊಳ್ಳುವುದು. ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಹೊತ್ತನ್ನು ಬಿಟ್ಟು ಆಡಿಸಲು ಸಾಧ್ಯವಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಬಟ್ಟೆ ನನ್ನ ಮೊದಲ ಆಯ್ಕೆ. ಅದನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಿಲ್ಲ. ಬೆವರಿಗೆ ತೊಳೆದು ಹೋಗುವುದಿಲ್ಲ. ಹಾಗಂತ ಎಲ್ಲ ಬಟ್ಟೆಯೂ ಒಂದೇ ಅಲ್ಲ. ಬೆಳಕಿಗೆ ಹಿಡಿದು ನೋಡಿ. ಆಚೆ ಕಡೆ ಕಂಡರೆ ಯುವಿಯೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಒತ್ತಾದ ನೇಯ್ಗೆ, ಗಾಢ ಬಣ್ಣ ಜಾಸ್ತಿ ತಡೆಯುತ್ತದೆ. ತೆಳು ಬಿಳಿ ಹತ್ತಿ ಟೀ ಶರ್ಟ್ ಒದ್ದೆಯಾದರೆ ಇನ್ನೂ ಕಡಿಮೆ ತಡೆಯುತ್ತದೆ. ಹಾಗಾಗಿ ನೀರಿನಲ್ಲಿ ಆಡುವಾಗ ಅದನ್ನು ನಂಬಬೇಡಿ. ಯುಪಿಎಫ್ 50 ಎಂದು ಗುರುತಿರುವ ಬಟ್ಟೆ ಯುವಿಯ ಐವತ್ತರಲ್ಲಿ ಒಂದು ಪಾಲನ್ನು ಮಾತ್ರ ಬಿಡುತ್ತದೆ. ಬೆಲೆ ಜಾಸ್ತಿ, ಮಗು ಬೇಗ ಬೆಳೆದುಬಿಡುತ್ತದೆ, ನಿಜ. ವಾರವಾರ ಈಜಲು ಹೋಗುವ ಮಗುವಿಗೆ ಕೊಟ್ಟ ಹಣ ಕ್ರೀಮಿನ ಉಳಿತಾಯದಲ್ಲೇ ವಾಪಸ್ ಬರುತ್ತದೆ. ವರ್ಷಕ್ಕೊಮ್ಮೆ ನೀರಿಗಿಳಿಯುವ ಮಗುವಿಗೆ ಮನೆಯಲ್ಲಿರುವ ಗಾಢ ಬಣ್ಣದ ಒತ್ತು ಅಂಗಿಯೇ ಸಾಕು.

ಟೋಪಿಯಲ್ಲಿ ಕ್ಯಾಪ್ ಬೇಡ ಅನ್ನುತ್ತೇನೆ. ಅದು ಕಿವಿ, ಕತ್ತನ್ನು ಬಿಟ್ಟುಬಿಡುತ್ತದೆ. ನನ್ನ ಮಗನ ಕಿವಿಯ ತುದಿ ಸುಟ್ಟು ಸಿಪ್ಪೆ ಎದ್ದಿದ್ದು ಕ್ಯಾಪ್ ಹಾಕಿದ್ದ ದಿನವೇ. ಸುತ್ತ ಅಂಚಿರುವ ಟೋಪಿ ಬೇಕು, ಇಲ್ಲವೇ ಹಿಂದೆ ಬಟ್ಟೆ ಇಳಿಬಿದ್ದಿರುವುದು. ಆಸ್ಟ್ರೇಲಿಯಾದ ಎಷ್ಟೋ ಶಾಲೆಗಳಲ್ಲಿ ಟೋಪಿ ಇಲ್ಲದಿದ್ದರೆ ಬಯಲಿನಲ್ಲಿ ಆಟವಿಲ್ಲ ಅನ್ನುವ ನಿಯಮವೇ ಇದೆ. ಅಂಗಿ ಹಾಕು, ಕ್ರೀಮ್ ಹಚ್ಚು, ಟೋಪಿ ಇಡು ಎಂದು ಅಲ್ಲಿ 1981ರಲ್ಲೇ ಪ್ರಚಾರ ಶುರುವಾಯಿತು. ಆ ಸಾಲಿನಲ್ಲಿ ಮೊದಲು ಬರುವುದು ಅಂಗಿ ಅನ್ನುವುದನ್ನು ಗಮನಿಸಿ.

ಕನ್ನಡಕ ಕೊಡಿಸುವುದಾದರೆ ಯುವಿ 400 ಅಂತ ಗುರುತು ಇರುವುದನ್ನೇ ಕೊಡಿಸಿ. ಗಾಜಿನ ಕಪ್ಪು ಬಣ್ಣ ನೋಡಿ ಮೋಸ ಹೋಗಬೇಡಿ. ಯುವಿ ತಡೆಯದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಂಡು ಯುವಿಗೆ ದಾರಿ ಮಾಡಿಕೊಡುತ್ತದೆ.

ಮಿನರಲ್ಲಾ, ಕೆಮಿಕಲ್ಲಾ?

ಎಲ್ಲರನ್ನೂ ಕಾಡುವ ಪ್ರಶ್ನೆ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಮಿನರಲ್ ಅಂದರೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದು. ಇವು ಕನ್ನಡಿಯ ಹಾಗೆ ಬಿಸಿಲನ್ನು ಹಿಂದಕ್ಕೆ ಕಳಿಸುತ್ತವೆ ಎಂದು ಎಲ್ಲ ಕಡೆ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಇವೂ ಬಹುಪಾಲು ಯುವಿಯನ್ನು ಹೀರಿಕೊಂಡೇ ತಡೆಯುತ್ತವೆ. ಮುಖ್ಯ ಸಂಗತಿ ಬೇರೆ. ಇವುಗಳ ಕಣಗಳು ಆರೋಗ್ಯವಾಗಿರುವ ಚರ್ಮ ದಾಟಿ ಒಳಗೆ ಹೋಗುವುದು ತೀರಾ ಕಡಿಮೆ. ಉರಿ, ಅಲರ್ಜಿ ಅಪರೂಪ.

ಕೆಮಿಕಲ್ ಎಂದು ಕರೆಯುವ ಗುಂಪಿನಲ್ಲಿ ಅವೋಬೆನ್ಜೋನ್, ಆಕ್ಸಿಬೆನ್ಜೋನ್, ಆಕ್ಟಿನೋಕ್ಸೇಟ್, ಆಕ್ಟೋಕ್ರಿಲೀನ್ ಮುಂತಾದವು ಬರುತ್ತವೆ. ತೆಳುವಾಗಿ ಹರಡುತ್ತವೆ, ಬಿಳಿ ಪದರ ಬಿಡುವುದಿಲ್ಲ, ಸಾಮಾನ್ಯವಾಗಿ ಅಗ್ಗ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಲ್ಲ ಫಿಲ್ಟರ್‌ಗಳನ್ನೂ, ಅಂದರೆ ಯುವಿ ತಡೆಯುವ ವಸ್ತುಗಳನ್ನು, ಮತ್ತೆ ಪರಿಶೀಲಿಸಿತು. ಸುರಕ್ಷಿತ ಹಾಗೂ ಪರಿಣಾಮಕಾರಿ ಎನ್ನಲು ಸಾಕಷ್ಟು ಮಾಹಿತಿ ಇರುವುದು ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್‌ಗೆ ಮಾತ್ರ ಎಂದಿತು. ಕೆಮಿಕಲ್ ಗುಂಪಿನ 12 ಫಿಲ್ಟರ್‌ಗಳಿಗೆ ಇನ್ನಷ್ಟು ಮಾಹಿತಿ ಕೇಳಿತು. ಅದೇ ಸಂಸ್ಥೆಯ ವಿಜ್ಞಾನಿಗಳು 2019 ಮತ್ತು 2020ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಮೈಗೆಲ್ಲ ದಪ್ಪಗೆ ಹಚ್ಚಿಕೊಂಡ ದೊಡ್ಡವರ ರಕ್ತದಲ್ಲಿ ಈ ವಸ್ತುಗಳು ಕಂಡುಬಂದವು.

ಹೆದರಿಕೆ ಹುಟ್ಟಿದ್ದು ಇಲ್ಲಿಂದಲೇ. ರಕ್ತದಲ್ಲಿ ಕಂಡಿತು ಅಂದರೆ ಹಾನಿ ಆಯಿತು ಅಂತ ಅರ್ಥವಲ್ಲ. ಇನ್ನೂ ಪರೀಕ್ಷಿಸಬೇಕು ಅಂತ ಅರ್ಥ. ಸನ್‌ಸ್ಕ್ರೀನ್ ಬಿಡಬೇಡಿ ಎಂದು ಆ ವಿಜ್ಞಾನಿಗಳೇ ಹೇಳಿದ್ದಾರೆ. ಸುಟ್ಟ ಚರ್ಮದ ಹಾನಿ ನಮಗೆ ಖಚಿತವಾಗಿ ಗೊತ್ತಿರುವುದು. ಆದ್ದರಿಂದ ಮಿನರಲ್ ಸಿಗದ ದಿನ ಕೆಮಿಕಲ್ ಹಚ್ಚಿದ್ದಕ್ಕೆ ಕೊರಗಬೇಡಿ.

ಆಯ್ಕೆ ಇದ್ದಾಗ? 3 ವರ್ಷದೊಳಗಿನ ಮಗುವಿಗೆ, ಎಕ್ಸಿಮಾ ಇರುವ ಮಗುವಿಗೆ, ಕಣ್ಣಿನ ಸುತ್ತ ಹಚ್ಚಲು ನಾನು ಮಿನರಲ್ ಆರಿಸುತ್ತೇನೆ. ಅದರಲ್ಲೂ ಜಿಂಕ್ ಆಕ್ಸೈಡ್. ಯುವಿ ಕಿರಣದಲ್ಲಿ ಎ, ಬಿ ಅಂತ ಎರಡು ಬಗೆ ನಮ್ಮವರೆಗೆ ಬರುತ್ತದೆ. ಚರ್ಮ ಸುಡುವುದು ಮುಖ್ಯವಾಗಿ ಬಿ. ಆಳಕ್ಕೆ ಇಳಿಯುವುದು, ಕಿಟಕಿ ಗಾಜನ್ನೂ ದಾಟುವುದು ಎ. ಜಿಂಕ್ ಎರಡನ್ನೂ ಚೆನ್ನಾಗಿ ಹಿಡಿಯುತ್ತದೆ.

ತೊಂದರೆ ಏನು ಅಂದರೆ ಮಿನರಲ್ ದಪ್ಪ, ಅಂಟಂಟು. ಕಂದು ಚರ್ಮದ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದೆ. ಪುಟ್ಟ ಮಕ್ಕಳು ತಲೆ ಕೆಡಿಸಿಕೊಳ್ಳುವುದಿಲ್ಲ. 10 ವರ್ಷದ ಹುಡುಗಿಗೆ ಗೆಳತಿಯರ ಎದುರು ಹಾಗೆ ಹೋಗಲು ಮುಜುಗರ ಆಗುತ್ತದೆ. ಅವಳು ಒರೆಸಿಕೊಂಡುಬಿಟ್ಟರೆ ನಿಮ್ಮ ಮಿನರಲ್ ಟವೆಲ್ಲಿನ ಪಾಲು. ಅಂಥ ಮಗುವಿಗೆ, ದಿನವಿಡೀ ಓಡಿ ಬೆವರುವ ಮಗುವಿಗೆ, ಚೆನ್ನಾಗಿ ಹರಡುವ ಕೆಮಿಕಲ್ ಲೋಷನ್ನೇ ಹೆಚ್ಚು ರಕ್ಷಣೆ ಕೊಡಬಹುದು. ಆಕ್ಸಿಬೆನ್ಜೋನ್ ಇಲ್ಲದ್ದನ್ನು ನೋಡಿ ತನ್ನಿ. ಆ ಪರೀಕ್ಷೆಗಳಲ್ಲಿ ರಕ್ತಕ್ಕೆ ಎಲ್ಲಕ್ಕಿಂತ ಜಾಸ್ತಿ ಸೇರಿದ್ದು ಅದೇ. ಹವಳದ ದಿಬ್ಬಗಳಿಗೆ ಹಾನಿ ಎಂಬ ಆತಂಕದಿಂದ ಹವಾಯಿ ರಾಜ್ಯ 2021ರಿಂದ ಆಕ್ಸಿಬೆನ್ಜೋನ್ ಮತ್ತು ಆಕ್ಟಿನೋಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನೂ ನಿಲ್ಲಿಸಿದೆ.

ಎಣ್ಣೆಗೆ ಜಿಂಕ್ ಪುಡಿ ಕಲಸಿ ಮನೆಯಲ್ಲೇ ಮಾಡಿಕೊಳ್ಳುವವರಿಗೆ ಕೈ ಮುಗಿದು ಹೇಳುತ್ತೇನೆ, ಬೇಡ. ಪುಡಿ ಗಂಟುಗಟ್ಟುತ್ತದೆ. ಎಲ್ಲಿ ಎಷ್ಟು ಹರಡಿತು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಚರ್ಮ ಸುಟ್ಟ ಮೇಲಷ್ಟೇ ತಿಳಿಯುವುದು.

ಲೋಷನ್, ಸ್ಟಿಕ್, ಸ್ಪ್ರೇ

ಲೋಷನ್ನೇ ಮುಖ್ಯ ಆಯುಧ. ಎಷ್ಟು ಹಚ್ಚಿದೆವು ಅಂತ ಕಣ್ಣಿಗೆ ಕಾಣುತ್ತದೆ, ಗ್ರಾಂ ಲೆಕ್ಕದಲ್ಲಿ ಅಗ್ಗವೂ ಹೌದು.

ಸ್ಟಿಕ್ ಮುಖಕ್ಕೆ ಸಲೀಸು. ಕಣ್ಣಿಗೆ ಹರಿಯುವುದಿಲ್ಲ, ಮಗು ತಾನೇ ಹಚ್ಚಿಕೊಳ್ಳಬಹುದು. ಆದರೆ ಒಂದು ಸಲ ಎಳೆದರೆ ತೀರಾ ತೆಳು ಪದರ ಬೀಳುತ್ತದೆ. ಒಂದೇ ಜಾಗದ ಮೇಲೆ ನಾಲ್ಕು ಸಲ ಎಳೆದು, ಆಮೇಲೆ ಬೆರಳಿನಲ್ಲಿ ಸವರಬೇಕು. ಇಡೀ ಮೈಗೆ ಇದು ದುಬಾರಿ.

ಸ್ಪ್ರೇ ಅಂದರೆ ಮಕ್ಕಳಿಗೆ ಖುಷಿ, ತಂದೆ ತಾಯಿಗೆ ಸುಲಭ. ಆದರೂ ನನಗೆ ಇಷ್ಟವಿಲ್ಲ. ಅರ್ಧ ಗಾಳಿಗೆ ಹೋಗುತ್ತದೆ, ಉಳಿದದ್ದು ಅಲ್ಲಲ್ಲಿ ಬೀಳುತ್ತದೆ. ಮುಖಕ್ಕೆ ಹೊಡೆದರೆ ಮಗು ಅದನ್ನು ಉಸಿರಿನಲ್ಲಿ ಎಳೆದುಕೊಳ್ಳುತ್ತದೆ. ಚರ್ಮದ ಮೇಲೆ ಸುರಕ್ಷಿತವಾದ ಟೈಟಾನಿಯಂ ಡೈಆಕ್ಸೈಡ್ ಕೂಡ ಶ್ವಾಸಕೋಶಕ್ಕೆ ಹೋಗಬಾರದು. ಒತ್ತಡದ ಡಬ್ಬಿಗಳು ಬೆಂಕಿಗೂ ಹೆದರಬೇಕಾದವು. ಅಸ್ತಮಾ ಇರುವ ಮಗುವಿನ ಹತ್ತಿರವಂತೂ ತರಲೇಬೇಡಿ. ಕೈಯಲ್ಲಿರುವುದು ಸ್ಪ್ರೇ ಒಂದೇ ಆದರೆ, ನಿಮ್ಮ ಅಂಗೈಗೆ ಹೊಡೆದುಕೊಂಡು ಮಗುವಿಗೆ ಸವರಿ.

ಸೊಳ್ಳೆ ಓಡಿಸುವ ಔಷಧವೂ ಸೇರಿರುವ ಸನ್‌ಸ್ಕ್ರೀನ್ ಬೇಡ. ಸನ್‌ಸ್ಕ್ರೀನ್ ಪದೇ ಪದೇ ಹಚ್ಚಬೇಕು, ಆ ಔಷಧವನ್ನು ಹಾಗೆ ಹಚ್ಚಬಾರದು. ಎರಡೂ ಬೇಕಾದರೆ ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಸೊಳ್ಳೆಯದ್ದು.

ಲೇಬಲ್ ಓದುವುದು

ಎಸ್‌ಪಿಎಫ್ 15 ಸರಿಯಾಗಿ ಹಚ್ಚಿದರೆ ಯುವಿ ಬಿಯನ್ನು ಸುಮಾರು 93 ಶೇಕಡಾ ತಡೆಯುತ್ತದೆ. 30 ಸುಮಾರು 97, 50 ಸುಮಾರು 98. ಅದಕ್ಕಿಂತ ಮೇಲೆ ಸಿಗುವುದು ಚೂರು ಮಾತ್ರ. ಮಕ್ಕಳಿಗೆ 30 ಸಾಕು. ಕೈ ಸ್ವಲ್ಪ ಬಿಗಿ ಅನ್ನಿಸಿದರೆ 50 ತನ್ನಿ, ತೆಳುವಾಗಿ ಹಚ್ಚಿದಾಗ ಆ ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ. 100 ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ದೊಡ್ಡ ಸಂಖ್ಯೆ ಇಡೀ ದಿನ ಸಾಕು ಅನ್ನುವ ಭಾವನೆ ಹುಟ್ಟಿಸುತ್ತದೆ, ಮತ್ತೆ ಹಚ್ಚುವುದನ್ನು ಮರೆಸುತ್ತದೆ.

ಎಸ್‌ಪಿಎಫ್ ಹೇಳುವುದು ಬಿ ಕಿರಣದ ಕಥೆ. ಎ ಕಿರಣಕ್ಕೆ ‘ಬ್ರಾಡ್ ಸ್ಪೆಕ್ಟ್ರಮ್’ ಎಂಬ ಮಾತು, ಪಿಎ ಪಕ್ಕದ ಪ್ಲಸ್ ಗುರುತುಗಳು, ಅಥವಾ ವೃತ್ತದೊಳಗೆ ಯುವಿಎ ಎಂದು ಬರೆದಿರುವುದನ್ನು ಹುಡುಕಿ. ಇದಿಲ್ಲದ ಟ್ಯೂಬ್ ಅಲ್ಲೇ ಇಡಿ. ‘ವಾಟರ್ ರೆಸಿಸ್ಟೆಂಟ್’ ಅಂದರೆ ನೀರಿನಲ್ಲಿ 40 ಅಥವಾ 80 ನಿಮಿಷ ನಿಲ್ಲುತ್ತದೆ ಎಂದಷ್ಟೇ. ಟವೆಲ್ಲಿನಲ್ಲಿ ಒರೆಸಿದ ಮೇಲೆ ಮತ್ತೆ ಹಚ್ಚಲೇಬೇಕು.

‘ಬೇಬಿ’, ‘ಕಿಡ್ಸ್’ ಅನ್ನುವ ಪದಕ್ಕೆ ಮಾತ್ರ ದುಡ್ಡು ಕೊಡಬೇಡಿ. ಹಿಂದೆ ತಿರುಗಿಸಿ ಒಳಗಿರುವುದನ್ನು ಓದಿ. ಎಷ್ಟೋ ಸಲ ದೊಡ್ಡವರ ಸುವಾಸನೆ ಇಲ್ಲದ ಜಿಂಕ್ ಲೋಷನ್‌ನಲ್ಲೂ ಅದೇ ಇರುತ್ತದೆ, ಬೆಲೆ ಕಡಿಮೆ ಇರುತ್ತದೆ. ಸುವಾಸನೆ ಇಲ್ಲದಿರುವುದು ಮುಖ್ಯ, ಮಕ್ಕಳ ಚರ್ಮಕ್ಕೆ ಪರಿಮಳವೇ ಹೆಚ್ಚಾಗಿ ತುರಿಕೆ ತರುವುದು. ಹೊಸದನ್ನು ತಂದಾಗ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ಅವಧಿ ಮುಗಿದದ್ದು, ಕಾರಿನ ಬಿಸಿಯಲ್ಲಿ ಬೆಂದದ್ದು ಬೇಡ.

ಬಿಸಿಲು ಎಷ್ಟು ಬೇಕು?

ಇಷ್ಟೆಲ್ಲ ಓದಿ ಮಗುವನ್ನು ಒಳಗೇ ಕೂರಿಸಿದರೆ ನನಗೆ ಬೇಸರವಾಗುತ್ತದೆ. ಮಕ್ಕಳ ಕಣ್ಣಿಗೆ ಹೊರಗಿನ ಬೆಳಕು ಬೇಕು. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ದಿನಕ್ಕೆ 40 ನಿಮಿಷ ಹೆಚ್ಚು ಹೊರಾಂಗಣ ಆಟ ಕೊಟ್ಟು ನೋಡಿದರು. 3 ವರ್ಷದಲ್ಲಿ ಅವರ ಪೈಕಿ ಸುಮಾರು 30 ಶೇಕಡಾ ಮಕ್ಕಳಿಗೆ ಸಮೀಪದೃಷ್ಟಿ ಬಂದಿತ್ತು. ಹೆಚ್ಚುವರಿ ಆಟ ಸಿಗದ ಮಕ್ಕಳಲ್ಲಿ ಸುಮಾರು 40 ಶೇಕಡಾ. ಆ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮರದ ನೆರಳಿನ ಬೆಳಕು ಕೂಡ ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅಂದರೆ ಟೋಪಿ ಹಾಕಿಕೊಂಡು ನೆರಳಿನಲ್ಲಿ ಆಡಿದರೂ ಕಣ್ಣಿಗೆ ಬೆಳಕು ಸಿಗುತ್ತದೆ.

ವಿಟಮಿನ್ ಡಿ ವಿಷಯ ಸ್ವಲ್ಪ ಸೂಕ್ಷ್ಮ. ಚರ್ಮ ಅದನ್ನು ತಯಾರಿಸುವುದು ಯುವಿ ಬಿಯಿಂದ. ಹಿತವಾದ ಎಳೆಬಿಸಿಲಿನಲ್ಲಿ ಆ ಕಿರಣ ತುಂಬಾ ಕಡಿಮೆ, ಸೂರ್ಯ ಮೇಲೇರಿದಾಗಲೇ ಜಾಸ್ತಿ. ಹಾಗಂತ ಕೂಸನ್ನು ಮಧ್ಯಾಹ್ನದ ಬಿಸಿಲಿಗೆ ಹಿಡಿಯಬೇಡಿ. ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ), ಆಮೇಲೆ 600 ಐಯು ಬೇಕು ಎಂಬುದು ಸಾಮಾನ್ಯ ಲೆಕ್ಕ. ಕೂಸಿಗೆ ಹನಿಯ ರೂಪದಲ್ಲಿ ಕೊಡಬಹುದು, ವೈದ್ಯರು ಹೇಳುತ್ತಾರೆ. ದಿನವೂ ಹೊರಗೆ ಆಡುವ ದೊಡ್ಡ ಮಗುವಿಗೆ ಸನ್‌ಸ್ಕ್ರೀನ್ ಒಂದರಿಂದಲೇ ಕೊರತೆ ಬರುವುದು ಅಪರೂಪ. ಯಾರೂ ಅಷ್ಟು ಚೊಕ್ಕವಾಗಿ ಹಚ್ಚುವುದೇ ಇಲ್ಲವಲ್ಲ. ಕಪ್ಪು ಚರ್ಮದ ಮಗು, ಹೊರಗೆ ಹೋಗುವುದೇ ಕಡಿಮೆ ಇರುವ ಮಗು, ಇವರ ಬಗ್ಗೆ ಮಾತ್ರ ವೈದ್ಯರನ್ನು ಕೇಳಿ.

ಹಾಗಾದರೆ ನಿಮ್ಮ ಮನೆಗೆ?

ಕೈಯಲ್ಲಿ ಹಣ ಕಡಿಮೆ ಇದ್ದರೆ ಮೊದಲು ಟೋಪಿ. ಆಮೇಲೆ ಒತ್ತು ನೇಯ್ಗೆಯ ಒಂದು ತುಂಬು ತೋಳಿನ ಅಂಗಿ. ಉಳಿದದ್ದರಲ್ಲಿ ಸಾದಾ ಎಸ್‌ಪಿಎಫ್ 30 ಲೋಷನ್, ಮುಖ ಮತ್ತು ಕೈಗೆ. ಇಷ್ಟು ಮಾಡಿದ ಮನೆ, ದುಬಾರಿ ಟ್ಯೂಬ್ ತಂದು ಬಟಾಣಿ ಗಾತ್ರ ಹಚ್ಚುವ ಮನೆಗಿಂತ ಮುಂದಿದೆ.

ಶಾಲೆಗೆ ಹೋಗಿ ಬರುವ ಮಗುವಿಗೆ ಮಧ್ಯಾಹ್ನದ ಆಟದ ಹೊತ್ತೇ ತೊಡಕು. ಬೆಳಿಗ್ಗೆ ಹಚ್ಚಿದ್ದು ಅಷ್ಟರಲ್ಲಿ ಸೋತಿರುತ್ತದೆ. ಚೀಲದಲ್ಲಿ ಟೋಪಿ ಇಡಿ, ಒಂದು ಸ್ಟಿಕ್ ಕೊಟ್ಟು ಕಿವಿ, ಮೂಗು, ಕತ್ತಿಗೆ ಹಚ್ಚಲು ಕಲಿಸಿ. ನೀರಿನಲ್ಲಿ ಆಡುವ ದಿನಕ್ಕೆ ಯುಪಿಎಫ್ ಅಂಗಿ ಮತ್ತು ನೀರಿಗೆ ತಡೆಯುವ ಲೋಷನ್. ಹೊರಡುವ 15 ನಿಮಿಷ ಮೊದಲು ಮನೆಯಲ್ಲೇ ಹಚ್ಚಿಬಿಡಿ. ನೀರು ಕಂಡ ಮೇಲೆ ಯಾವ ಮಗು ನಿಲ್ಲುತ್ತದೆ?

ಇನ್ನು ಕ್ರೀಮ್ ಕಂಡರೆ ಓಡುವ ಮಗು. ಹಿಡಿದು ಹಚ್ಚಿದರೆ ನಾಳೆ ಇನ್ನೂ ದೂರ ಓಡುತ್ತದೆ. ಮೊದಲು ಉಡುಪಿನಲ್ಲೇ ಎಷ್ಟು ಮುಚ್ಚಬಹುದೋ ಮುಚ್ಚಿ. ಆಮೇಲೆ ಟ್ಯೂಬನ್ನು ಅದರ ಕೈಗೇ ಕೊಟ್ಟು ನಿಮ್ಮ ಮುಖಕ್ಕೆ ಹಚ್ಚಲು ಹೇಳಿ. ಕೆನ್ನೆಗೆ ಚುಕ್ಕೆ, ಮೂಗಿಗೆ ಗೆರೆ, ಹಣೆಗೆ ಬೊಟ್ಟು. ಅದು ಮುಗಿದ ಮೇಲೆ ನಿಮ್ಮ ಸರದಿ. ಚುಕ್ಕೆಗಳನ್ನು ಸವರುವಾಗ ಕಿವಿಯ ಹಿಂದೆ ಮತ್ತು ಪಾದದ ಮೇಲೆ ಮರೆಯಬೇಡಿ.